ಇಳಿಸದ ಕೈ

ನನ್ನ ಮೇಳದಲ್ಲಿ ಮೊದಲು ಏಟು ತಿಂದವನು ಒಬ್ಬ ಗಾರೆ ಕೆಲಸದವನು. ಹಾಡಿನ ನಡುವೆ ಫೋನ್ ತೆಗೆದು ಹಲೋ ಅಂದ. ಕೆನ್ನೆಗೆ ಬಾರಿಸಿದೆ. ತುಟಿ ಒಡೆದು ರಕ್ತ ಬಂತು. ಅಂಗೈಯಲ್ಲಿ ಒರೆಸಿಕೊಂಡು ಮತ್ತೆ ಹಾಡಿಗೆ ಸೇರಿದ. ಇದನ್ನು ನಾನು ಮುಚ್ಚಿಡುವುದಿಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟು, ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು, ಕಲ್ಲು ಮಣ್ಣು ಹೊತ್ತು, ಮೇಸ್ತ್ರಿಯಾಗಿ, ಇಪ್ಪತ್ತನಾಲ್ಕು ಜನರ ಮೇಳ ಕಟ್ಟಿದವನು ನಾನು. ಯಾರೂ ಕಲಿಸಿಕೊಟ್ಟದ್ದಲ್ಲ.

ನಮ್ಮ ಹಾಡು ಹುಟ್ಟಿದ್ದು ಸ್ಲ್ಯಾಬ್ ಹಾಕುವ ದಿನಗಳಲ್ಲಿ. ಪಂಪು ಬರುವ ಮುಂಚೆ ಕಾಂಕ್ರೀಟು ಮೇಲೆ ಹೋಗುತ್ತಿದ್ದುದು ಕೈಯಿಂದ ಕೈಗೆ. ಕೆಳಗೆ ಮಿಕ್ಸರ್, ಮೇಲೆ ಚಾವಣಿ, ನಡುವೆ ಬೊಂಬಿನ ಏಣಿಯುದ್ದಕ್ಕೂ ಸಾಲಾಗಿ ನಿಂತ ಜನ. ತುಂಬಿದ ಬಾಂಡ್ಲಿ ಒಬ್ಬರ ಕೈಯಿಂದ ಮೇಲಿನವರ ಕೈಗೆ ಹಾರಬೇಕು. ಅದಕ್ಕೆ ತಾಳ ಬೇಕು, ತಾಳಕ್ಕೆ ಹಾಡು ಬೇಕು. ನಾನು ಒಂದು ಸಾಲು ಕೂಗಿದರೆ ಸಾಲಿನವರೆಲ್ಲ ಮರುಸಾಲು ಎತ್ತುತ್ತಿದ್ದರು. ಒಬ್ಬ ತಡ ಮಾಡಿದರೆ ಬಾಂಡ್ಲಿ ಕೆಳಗಿನವನ ತಲೆಗೆ. ಒಬ್ಬನ ಮೂರು ಹಲ್ಲು ಉದುರಿದ್ದನ್ನು, ಇನ್ನೊಬ್ಬನ ಹೆಗಲ ಮೂಳೆ ಲಟಕ್ಕನೆ ಮುರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಕಾನೂನು ಒಂದೇ. ಮೇಸ್ತ್ರಿ ಎತ್ತಿದ ಕೈ ಇಳಿಸುವ ತನಕ ಯಾರೂ ಹಾಡು ನಿಲ್ಲಿಸಬಾರದು. ಚೇಳು ಕಡಿದರೂ ಅಷ್ಟೇ.

ಪಂಪು ಬಂತು, ಸಾಲು ಹೋಯಿತು, ದನಿ ಉಳಿಯಿತು. ದಿಲ್‌ಸುಖ್‌ನಗರದ ಆಚೆ ನಮ್ಮ ತಗಡಿನ ಮನೆಗಳ ಮುಂದೆ ರವಿವಾರ ಮಧ್ಯಾಹ್ನ ಎಲ್ಲರನ್ನೂ ಕರೆದು ನಿಲ್ಲಿಸಿದೆ. ಏಣಿಯ ಮೇಲೆ ನಿಲ್ಲುತ್ತಿದ್ದ ಹಾಗೆಯೇ, ಮಿಕ್ಸರಿನ ಗದ್ದಲ ಸೀಳುವ ದಪ್ಪ ದನಿಯವರು ಹಿಂದೆ, ಚಾವಣಿಯ ಹತ್ತಿರ ಇರುತ್ತಿದ್ದ ಹೆಂಗಸರು ಮುಂದೆ. ಗಂಡಸರು ಮರುಸಾಲನ್ನು ಎಳೆದು ಹಿಡಿಯಬೇಕು, ಅದರ ಮೇಲೆ ಹೆಂಗಸರು ತಮ್ಮ ಸಾಲು ಕೂರಿಸಬೇಕು, ಸೆಂಟ್ರಿಂಗ್ ಹಲಗೆಯ ಮೇಲೆ ಕಾಂಕ್ರೀಟು ಕೂರಿಸಿದ ಹಾಗೆ. ಮುಂದಿನ ಸಾಲಿನ ನಡುವೆ ನಿಲ್ಲುತ್ತಿದ್ದವಳು ನಮ್ಮ ಕಬ್ಬಿಣದ ಸಳಿ ಕಟ್ಟುವವನ ಹೆಂಡತಿ. ತಗಡು ಕೊಯ್ದಂಥ ದನಿ. ಅವಳಿಲ್ಲದೆ ಮೇಳವಿಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

‘ಮೇಸ್ತ್ರೀ, ಹೊಡದು ಹಾಡಿಸಿದ್ರ ಅದು ಹಾಡೇನ್ರಿ? ಅಳೂದು ಅದು,’ ಎಂದು ಒಮ್ಮೆ ಎಲ್ಲರೆದುರೇ ಅಂದಳು.

‘ಅಳೂದಾದ್ರ ತಾಳದಾಗ ಅಳ್ರಿ,’ ಅಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಆಮೇಲೆ ಅಬಿಡ್ಸ್‌ನ ಒಂದು ಸಭಾಂಗಣಕ್ಕೆ ನಮ್ಮನ್ನು ಕರೆದರು. ಇಲ್ಲಿಯ ಕನ್ನಡದವರ ಒಂದು ಸಂಘದ ಸಮಾರಂಭ. ಅಂಗಡಿಯವರು, ಆಫೀಸಿನವರು, ಎಲ್ಲರದೂ ಇಸ್ತ್ರಿ ಮಾಡಿದ ಬಟ್ಟೆ. ನಮಗೆ ಅದೇ ಮೊದಲ ವೇದಿಕೆ. ಬಾಗಿಲಲ್ಲಿ ನಿಂತವರೊಬ್ಬರು ‘ಲೇಬರ್‌ನೋರು ಹಿಂದಿನ ಬಾಗ್ಲಾಗಿಂದ ಬರ್ರಿ’ ಅಂದರು.

‘ಇಂಥಾ ಹತ್ತು ಹಾಲಿಗೆ ಸ್ಲ್ಯಾಬ್ ಹಾಕೀವ್ರಿ. ಮುಂದಿನ ಬಾಗ್ಲ ಎಲ್ಲಿರತೈತಿ ನಮಗೂ ಗೊತ್ತೈತಿ,’ ಅಂದು ಮುಂದಿನಿಂದಲೇ ಮೇಳವನ್ನು ನಡೆಸಿಕೊಂಡು ಹೋದೆ.

ಎರಡನೇ ಹಾಡಿನ ನಡುವೆ ಸಂಘದ ಹಳೆ ಅಧ್ಯಕ್ಷರ ಕಡೆಯವರಿಗೂ ಹೊಸಬರ ಕಡೆಯವರಿಗೂ, ಅತಿಥಿಗೆ ಯಾರು ಹಾರ ಹಾಕಬೇಕು ಎಂದು ಮಾತು ಹತ್ತಿತು.

‘ಏ, ಕೂಡೋ!’

‘ನನ್ನ ಕೂಡಸಾಕ ನೀ ಯಾವನಲೇ?’

ನನ್ನ ಬೆನ್ನು ಜನರ ಕಡೆಗೆ, ಮುಖ ಮೇಳದ ಕಡೆಗೆ. ಒಮ್ಮೆ ಮಾತ್ರ ತಿರುಗಿ ನೋಡಿದೆ. ಕಾಲರ್ ಹಿಡಿದಾಗಿತ್ತು, ಚಪ್ಪಲಿ ಎದ್ದಾಗಿತ್ತು. ಧೋತರ ಉಟ್ಟ ಹಿರಿಯರೊಬ್ಬರು ಮೈಕಿನ ಕಂಬ ಕಿತ್ತು ಒಬ್ಬನ ಮೊಣಕಾಲಿಗೆ ಬೀಸುತ್ತಿದ್ದರು. ಕನ್ನಡಕ ಒಡೆದವನೊಬ್ಬ ಕಣ್ಣು ಮುಚ್ಚಿಕೊಂಡು ಕಿರುಚುತ್ತಿದ್ದ. ಮಡಚುವ ಕಬ್ಬಿಣದ ಕುರ್ಚಿಗಳು ಹಾರತೊಡಗಿದ್ದವು. ನಾನು ಮೇಳದ ಕಡೆ ತಿರುಗಿದೆ. ಕೈ ಮೇಲೆಯೇ ಇತ್ತು.

ಯಾರೋ ಬೆನ್ನಿಗೆ ಒದ್ದರು. ತತ್ತರಿಸಿದೆ, ಕೈ ಇಳಿಸಲಿಲ್ಲ. ಎದುರಿನ ಕಣ್ಣುಗಳೆಲ್ಲ ಒಮ್ಮೆ ನನ್ನ ಹಿಂದಕ್ಕೆ, ಒಮ್ಮೆ ನನ್ನ ಕೈಗೆ. ಬಾಯಿ ಒಂದೂ ನಿಲ್ಲಲಿಲ್ಲ. ಖರೆ ಹೇಳುತ್ತೇನೆ, ಅಂಥ ಹಾಡನ್ನು ಅದಕ್ಕೂ ಮುಂಚೆ ನಾನು ಕೇಳಿರಲಿಲ್ಲ. ಹೆದರಿಕೆಗೆ ದನಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಕೂದಲೆಳೆಯಷ್ಟೂ ಸಂದಿಲ್ಲದೆ.

ಒಂದು ಕುರ್ಚಿ ನೇರ ತನ್ನ ಕಡೆ ಬರುವುದು ಸಳಿ ಕಟ್ಟುವವನ ಹೆಂಡತಿಗೆ ಕಂಡಿತ್ತು. ನನ್ನ ಭುಜದ ಮೇಲಿಂದ ಅದನ್ನೇ ನೋಡುತ್ತಿದ್ದಳು. ತಲೆ ತಗ್ಗಿಸಲಿಲ್ಲ. ಕುರ್ಚಿಯ ಕಾಲು ಹುಬ್ಬಿನ ಮೇಲೆ ಬಡಿಯಿತು. ಚರ್ಮ ಸೀಳಿ ರಕ್ತ ಕೆನ್ನೆಯಿಂದ ಬಾಯಿಗಿಳಿಯಿತು. ಅದನ್ನು ಉಗುಳಿ ಮುಂದಿನ ಸಾಲು ಎತ್ತಿದಳು. ಆಗಲೂ ನಾನು ಕೈ ಇಳಿಸಲಿಲ್ಲ. ಇನ್ನೆರಡು ಸಾಲು ಬಾಕಿ ಇತ್ತು.

ದವಾಖಾನೆಯ ವರಾಂಡದಲ್ಲಿ ಅವಳ ಗಂಡ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಕಬ್ಬಿಣದ ಸಳಿ ಬಗ್ಗಿಸುವ ಕೈ ಅದು.

‘ಕೈ ಯಾಕ ಇಳಸಲಿಲ್ಲಲೇ? ಅದೇನ ಸ್ಲ್ಯಾಬ್ ಏನಲೇ?’

ಹೊಟ್ಟೆಗೆ ಎರಡು ಗುದ್ದಿದ. ನಾನೂ ಹೊಡೆಯಬಲ್ಲವನು, ಹೊಡೆಯಲಿಲ್ಲ. ನನ್ನಲ್ಲಿ ಉತ್ತರ ಇತ್ತು, ಬಾಯಿಬಿಟ್ಟು ಹೇಳುವಂಥದ್ದಲ್ಲ. ಹಾಡು ಚಲೋ ನಡೆದಿತ್ತು, ಅಷ್ಟೇ.

‘ಬಾಹರ್ ಜಾಕೇ ಮರೋ!’ ಎಂದು ನರ್ಸು ಇಬ್ಬರನ್ನೂ ಹೊರಗೆ ದೂಡಿದಳು.

ಎರಡು ರವಿವಾರ ಯಾರೂ ಬರಲಿಲ್ಲ. ಅಂಗಳದಲ್ಲಿ ಒಬ್ಬನೇ ನಿಂತು ಕಾದೆ. ಮನೆಗಳ ಒಳಗಿಂದ ಟಿವಿ ಸದ್ದು ಕೇಳುತ್ತಿತ್ತು, ಒಂದು ಬಾಗಿಲೂ ತೆರೆಯಲಿಲ್ಲ. ಮೇಳ ಮುಗಿಯಿತು ಅಂದುಕೊಂಡೆ. ಮೂರನೇ ರವಿವಾರ ಎಲ್ಲರೂ ಒಟ್ಟಿಗೆ ಬಂದರು. ಮುಂದೆ ಅವಳು. ಹುಬ್ಬಿನ ಮೇಲೆ ಏಳು ಹೊಲಿಗೆಯ ಗುರುತು.

‘ಹಾಡ್ತೀವ್ರಿ,’ ಅಂದಳು. ‘ಆದ್ರ ಕೈ ನೀವು ಎತ್ರಿ, ಇಳಸೂದು ನಾ.’

‘ಮೇಳ ಕಟ್ಟಿದಾಂವ ನಾ.’

‘ಹೌದ್ರಿ. ಹೊಲಿಗಿ ಹಾಕಿಸ್ಕೊಂಡಾಕಿ ನಾ.’

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನ್ನ ಮುಷ್ಟಿ ಬಿಗಿಯಿತು. ಅದು ಬಿಗಿದರೆ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದವರು ಅವತ್ತು ಒಬ್ಬರೂ ಸರಿಯಲಿಲ್ಲ. ಅವಳ ಗಂಡನೂ ಅಷ್ಟೇ. ಬೆರಳು ಬಿಡಿಸಿ ಕೈ ಎತ್ತಿದೆ. ಅವಳೂ ಎತ್ತಿದಳು.

ಹಾಡು ಎದ್ದಿತು. ಮೂರನೇ ಸಾಲಿನಲ್ಲಿ, ಎಲ್ಲ ದನಿಗಳೂ ಒಂದಾಗುವ ಹೊತ್ತಿಗೆ ಸರಿಯಾಗಿ, ಅವಳು ತನ್ನ ಕೈ ಕೆಳಗಿಳಿಸಿದಳು. ಎಲ್ಲರ ಬಾಯಿಯೂ ಮುಚ್ಚಿತು. ನಾನೊಬ್ಬನೇ ಕೂಗುತ್ತಿದ್ದೆ.

‘ಏನಾತು?’ ಅಂದೆ.

‘ಏನೂ ಆಗಿಲ್ರಿ. ನಾ ಕೈ ಇಳಸಿದ್ರ ಹಾಡು ನಿಲ್ತೈತೋ ಇಲ್ಲೋ ನೋಡಿದೆ.’ ಹೊಲಿಗೆಯ ಗುರುತನ್ನು ಬೆರಳಿಂದ ಮುಟ್ಟಿಕೊಂಡಳು. ‘ಹೂಂ, ಮತ್ತ ಮೊದ್ಲಿಂದ ಎತ್ರಿ, ಮೇಸ್ತ್ರೀ.’

ಎತ್ತಿದೆ.