ತೊಳೆಯದ ಗೊಂಚಲು

ಫ್ರಾನ್ಸಿನ ಆ ಮನೆಯಲ್ಲಿ ದ್ರಾಕ್ಷಿ ತೊಳೆಯುವುದೆಂದರೆ ಮಹಾಪರಾಧ. ಇದು ನನಗೆ ಗೊತ್ತಾದದ್ದು ಹೋದ ಮೊದಲ ದಿನವೇ. ಬಾಯಿಗೆ ಹಾಕಿಕೊಳ್ಳೋಣವೆಂದು ಒಂದು ಗೊಂಚಲನ್ನು ನಲ್ಲಿಯ ಕೆಳಗೆ ಹಿಡಿದಿದ್ದೆ. ತೋಟದ ಯಜಮಾನಿ, ಎಂಬತ್ತು ದಾಟಿದ ಅಜ್ಜಿ, ಬಂದು ನಲ್ಲಿ ತಿರುಗಿಸಿ ನಿಲ್ಲಿಸಿಯೇಬಿಟ್ಟರು. ಸಿಪ್ಪೆಯ ಮೇಲೆ ವಿಭೂತಿ ಬಳಿದಂತೆ ಕಾಣುತ್ತದಲ್ಲ, ಅದನ್ನು ಬೆರಳಲ್ಲಿ ಮುಟ್ಟಿ ತೋರಿಸಿದರು. ಹಣ್ಣಿನ ರಸವನ್ನು ವೈನ್ ಮಾಡುವ ಈಸ್ಟ್ ಆ ಸಿಪ್ಪೆಯ ಮೇಲೇ ಕೂತಿರುತ್ತದಂತೆ. ಮೂರು ತಲೆಮಾರಿನಿಂದ ಆ ಮನೆಯವರು ಅದನ್ನೇ ನಂಬಿಕೊಂಡಿದ್ದಾರೆ. ಅಂಗಡಿಯ ಈಸ್ಟ್ ಪ್ಯಾಕೆಟ್ಟು ಅವರ ಹೊಸ್ತಿಲು ದಾಟಿದ್ದಿಲ್ಲ. ಅಜ್ಜಿ, ಮಗ, ಸೊಸೆ ಸೇರಿ ಕೈಯಿಂದಲೇ ಗೊಂಚಲು ಕತ್ತರಿಸಿ, ಕಿವುಚಿ, ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಪೀಪಾಯಿಗೆ ಕಿವಿಯಿಟ್ಟು ಒಳಗೆ ಗುಳುಗುಳು ಶುರುವಾಯಿತೇ ಎಂದು ಕೇಳುತ್ತಿದ್ದರು. ನಾನು ಅಲ್ಲಿ ಒಂದು ಸುಗ್ಗಿ ಕೆಲಸ ಮಾಡಿ ವೈನ್ ಮಾಡುವುದನ್ನು ಕಲಿತು ಬಂದೆ.

ಆದರೆ ಅಪ್ಪನ ಬಾಯಲ್ಲಿ ನಾನು ಕಲಿತದ್ದು ಬೇರೆಯೇ. ನಮ್ಮದು ಹನಿ ಹೆಂಡ ಮುಟ್ಟದ ಮನೆ. ನಾಯಂಡಹಳ್ಳಿಯಲ್ಲಿರುವ ಸೋದರತ್ತೆ ಫೋನು ಮಾಡಿ ವಿಚಾರಿಸಿದಾಗಲೆಲ್ಲ ಅಪ್ಪ, "ತೋಟಗಾರಿಕೆ ಕಲೀತಾ ಇದಾಳೆ ಕಣಕ್ಕ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕದ್ದು ಮಾಡುವ ಕೆಲಸವೇನಲ್ಲ ನನ್ನದು. ಅಪ್ಪ ಒಂದೇ ಒಂದು ಸಲ, ಒಬ್ಬರ ಮುಂದಾದರೂ ನನ್ನ ಕೆಲಸದ ಹೆಸರು ಹೇಳಲಿ ಎಂಬ ಆಸೆ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಸುಂಕದಕಟ್ಟೆಯ ನಮ್ಮ ಮನೆಯೂ ಬಾಡಿಗೆಗೆ ಕೊಟ್ಟ ಮನೆಗಳೂ ನಿಂತಿರುವುದು ಅಪ್ಪನ ಹಳೆಯ ದ್ರಾಕ್ಷಿ ತೋಟದ ಮೇಲೆ. ಬೆಂಗಳೂರು ನೀಲಿ ಎನ್ನುವ ಕಪ್ಪು ಹಣ್ಣು. ಚಪ್ಪರದ ಕಲ್ಲಿನ ಕಂಬಗಳೆಲ್ಲ ಹೋದರೂ ಒಂದು ಬಳ್ಳಿ ಉಳಿದು, ಹಿತ್ತಲಿನಿಂದ ಹೊರಟು ತಾರಸಿಯ ನೀರಿನ ಟ್ಯಾಂಕಿನವರೆಗೂ ಹತ್ತಿಬಿಟ್ಟಿತ್ತು. ಈ ಫಸಲು ಮುಗಿದ ಮೇಲೆ ಅದನ್ನೂ ಕಡಿಯುವುದೆಂದು ತೀರ್ಮಾನವಾಗಿತ್ತು, ಆ ಜಾಗಕ್ಕೆ ಮೆಟ್ಟಿಲು ಬರಬೇಕು. ಹಾಗಾಗಿ ನಾನು ಹಟ ಹಿಡಿದೆ. ಕೊನೆಯ ಹಣ್ಣಿನಿಂದ ಒಂದು ಜಾಡಿ ವೈನ್, ಆ ಅಜ್ಜಿಯ ಮನೆಯ ರೀತಿಯಲ್ಲೇ. ತಾವೇ ಬೆಳೆದ ಹಣ್ಣಿನದಾದರೆ ಅಪ್ಪ ತಿರುಗಿ ನೋಡಬಹುದು ಎಂದುಕೊಂಡೆ. ಹೇಳಿದಾಗ ಅಪ್ಪ ಪೇಪರಿನ ಪುಟ ಮಗುಚಿದರು.

ಒಂದು ಬೆಳಿಗ್ಗೆ ಗೊಂಚಲುಗಳನ್ನೆಲ್ಲ ಕತ್ತರಿಸಿ ಬುಟ್ಟಿ ತುಂಬಿಸಿಟ್ಟು, ಜಾಡಿ ತರಲು ವಿಜಯನಗರದ ಮಾರ್ಕೆಟ್ಟಿಗೆ ಹೋದೆ. ಬಂದು ನೋಡಿದರೆ ಅಡುಗೆಮನೆಯಲ್ಲಿ ಮೂರು ಬೇಸಿನ್ನು. ಉಪ್ಪು, ಅರಿಶಿನ ಹಾಕಿದ ನೀರಿನಲ್ಲಿ ನನ್ನ ದ್ರಾಕ್ಷಿ ತೇಲುತ್ತಿದೆ. ಅಮ್ಮ ಒಂದೊಂದೇ ಹಣ್ಣನ್ನು ಉಜ್ಜಿ ಉಜ್ಜಿ ಫಳಫಳ ಹೊಳೆಯಿಸಿದ್ದಾಳೆ.

"ಔಷಧಿ ಹೊಡೆದಿರ್ತಾರೆ ಕಣೇ, ಅದಕ್ಕೇ ತೊಳ್ದೆ," ಅಂದಳು.

"ನಮ್ಮ ಹಿತ್ತಲ ಬಳ್ಳಿಗೆ ಯಾರಮ್ಮ ಬಂದು ಔಷಧಿ ಹೊಡೀತಾರೆ?"

ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋಗಿ ಕೂತಳು. ಮಾರ್ಕೆಟ್ಟಿನ ಹಣ್ಣು ತಂದಾಗಲೆಲ್ಲ ಅವಳು ಹೀಗೇ ತೊಳೆದು ನನ್ನನ್ನು ಸಾಕಿದ್ದು. ಫ್ರಾನ್ಸಿನಲ್ಲಿ ಗೊಂಚಲನ್ನು ನಲ್ಲಿಯ ಕೆಳಗೆ ಹಿಡಿದ ನನ್ನ ಕೈಯೂ ಅವಳು ಕಲಿಸಿದ ಕೈಯೇ. ಅದು ಆಗ ಹೊಳೆಯಲಿಲ್ಲ, ಸಂಜೆ ಹೊಳೆದು ನಾಚಿಕೆಯಾಯಿತು.

ಆದದ್ದಾಗಲಿ ಎಂದು ಆ ಹಣ್ಣನ್ನೇ ಕಿವುಚಿ ಜಾಡಿಗೆ ತುಂಬಿದೆ. ಎರಡು ದಿನ ಕಿವಿಯಿಟ್ಟು ಕೇಳಿದ್ದೇ ಬಂತು. ಒಂದು ಗುಳ್ಳೆಯೂ ಏಳಲಿಲ್ಲ. ಬೇಕರಿಯಿಂದ ಈಸ್ಟ್ ತರ್ತೀನಿ ಎಂದು ಅಮ್ಮ ಚಪ್ಪಲಿ ಮೆಟ್ಟಿದಳು. ಬೇಡ ಎಂದೆ. ಹೆಪ್ಪಿಲ್ಲದ ಹಾಲಿನ ಹಾಗಾಗಿದೆ ಇದು, ತೊಳೆಯದ ನಾಲ್ಕು ಗೊಂಚಲು ಸಿಕ್ಕಿದ್ದರೆ ಅದನ್ನೇ ಹೆಪ್ಪು ಹಾಕಬಹುದಿತ್ತು, ಆ ಅಜ್ಜಿಯೂ ಹಾಗೇ ಮಾಡುತ್ತಿದ್ದರು ಎಂದು ಅವಳಿಗೆ ಹೇಳುತ್ತಾ ಹೇಳುತ್ತಾ ನನಗೆ ಅಳುವೇ ಬಂತು. ಪೇಪರಿನ ಹಿಂದಿದ್ದ ಅಪ್ಪ ಎದ್ದು ಹೊರಗೆ ಹೋದರು. ನನ್ನ ಗೋಳು ಕೇಳಲಾರದೆ ಹೋದರು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ತಾರಸಿಯಲ್ಲಿ ಏಣಿ ಎಳೆಯುವ ಸದ್ದು. ಓಡಿಹೋಗಿ ನೋಡಿದರೆ, ಮಂಡಿನೋವೆಂದು ದೇವಸ್ಥಾನದ ಮೆಟ್ಟಿಲೂ ಹತ್ತದ ಅಪ್ಪ ಟ್ಯಾಂಕಿನ ಮೇಲೆ ಕೂತಿದ್ದಾರೆ. ತೋಟವಿದ್ದ ಕಾಲದಿಂದಲೂ ಬಳ್ಳಿಯ ತುದಿಯ ಗೊಂಚಲುಗಳನ್ನು ಅವರು ಗಿಳಿಗಳಿಗೆಂದು ಬಿಡುತ್ತಿದ್ದರು, ಯಾರಿಗೂ ಕೀಳಲು ಕೊಡುತ್ತಿರಲಿಲ್ಲ. ನಾನೂ ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಐದು ಗೊಂಚಲು ಪಂಚೆಯ ಮಡಿಲಲ್ಲಿ ಹಾಕಿಕೊಂಡು ಇಳಿದು ಬಂದರು.

"ತಗೋ. ಇವನ್ನ ಯಾರೂ ತೊಳೆದಿಲ್ಲ," ಎಂದರು.

ಅಲ್ಲಿಯವರೆಗೆ ರಸ ಕೆಡದಿರಲೆಂದು ಜಾಡಿಯನ್ನು ಫ್ರಿಜ್ಜಿಗೆ ತುರುಕಿ, ಆ ಐದು ಗೊಂಚಲನ್ನು ಸಣ್ಣ ಪಾತ್ರೆಯಲ್ಲಿ ಬೇರೆಯಾಗಿ ಕಿವುಚಿಟ್ಟೆ. ಮೂರನೇ ದಿನ ನೊರೆ ಬಂತು. ಜಾಡಿಯನ್ನು ಹೊರಗೆ ತೆಗೆದಿಟ್ಟು ಅದನ್ನು ಸುರಿದೆ. ಬಟ್ಟೆ ಕಟ್ಟಿ ಗಂಟು ಬಿಗಿದವಳು ಅಮ್ಮ. ಮಾರನೇ ದಿನ ಇಡೀ ಮನೆ ಹುಳಿಹುಳಿಯಾಗಿ ನಾರತೊಡಗಿತು.

ಆ ಭಾನುವಾರವೇ ಸೋದರತ್ತೆ ಬಂದರು. ಬಾಗಿಲಲ್ಲೇ ನಿಂತು ಮೂಗಿಗೆ ಸೆರಗು ಹಿಡಿದು, "ಇದೇನೋ ಇದು ವಾಸನೆ, ಏನು ಕೊಳೆಹಾಕಿದೀರ?" ಎಂದು ಅಪ್ಪನನ್ನು ಕೇಳಿದರು. ನಾನು ಅಡುಗೆಮನೆಯಲ್ಲಿದ್ದೆ. ತೋಟಗಾರಿಕೆಯವಳ ಗೊಬ್ಬರ ಅಂತಾರೆ ಅಪ್ಪ, ಬೇಕಾದರೆ ನೋಡು ಎಂದು ಅಮ್ಮನಿಗೆ ಪಿಸುಗುಟ್ಟಿದೆ.

ಅಪ್ಪ ಅಕ್ಕನನ್ನು ಜಾಡಿಯ ಹತ್ತಿರ ಕರೆದುಕೊಂಡು ಬಂದರು.

"ಕಿವಿ ಇಟ್ಟು ಕೇಳಕ್ಕ. ಗುಳುಗುಳು ಅಂತಾ ಇದೆ ನೋಡು. ನಮ್ಮ ಬಳ್ಳಿ ಹಣ್ಣು. ನನ್ನ ಮಗಳು ವೈನ್ ಮಾಡ್ತಾಳೆ."