ಹೆರಿಗೆಯ ದಿನವೂ ಒಂದು ಫೇಲು

ಎಂ.ಎಸ್ಸಿ. ನರ್ಸಿಂಗ್ ಸೇರಿದಾಗ ನನಗೆ ಮೂವತ್ತನಾಲ್ಕು. ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ ಹತ್ತು ವರ್ಷ ಸ್ಟಾಫ್ ನರ್ಸ್ ಆಗಿದ್ದು, ಇನ್ನಾದರೂ ಪಾಠ ಹೇಳುವ ಕೆಲಸ ಸಿಕ್ಕೀತು ಎಂದು ಹೊರಟವಳು ನಾನು. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ತಿ. ನರಸೀಪುರದವಳು. ಮೊದಲ ದಿನದಿಂದಲೇ ನನ್ನನ್ನು ಅಕ್ಕ ಎಂದಳು. ಮೊದಲ ವರ್ಷದಲ್ಲೇ ಬಸುರಿಯಾದಳು. ಏಳು ತಿಂಗಳ ಹೊಟ್ಟೆ ಹೊತ್ತು ಹದಿನಾರು ಎಂಬ ಹಳ್ಳಿಯಲ್ಲಿ ಮನೆಮನೆ ಸುತ್ತಿ ಸರ್ವೆ ಮಾಡಿದಳು. ಒಂದು ದಿನವೂ ತಪ್ಪಿಸಲಿಲ್ಲ.

ನಮ್ಮ ಕಾಲೇಜಿನ ನಿಯಮ ಹೀಗಿತ್ತು: ಒಂದೇ ವಿಷಯದಲ್ಲಿ ಎರಡು ಸಲ ಫೇಲಾದರೆ ಕೋರ್ಸಿನಿಂದ ಹೊರಗೆ. ಪರೀಕ್ಷೆಗೆ ಬಾರದಿದ್ದರೆ ಅದೂ ಒಂದು ಫೇಲು. ಕಾಯಿಲೆ ಕಸಾಲೆ ಇದ್ದವರು ಏಳು ದಿನದೊಳಗೆ ಡಾಕ್ಟರ ಸರ್ಟಿಫಿಕೇಟಿನ ಜೊತೆ ಅರ್ಜಿ ಕೊಟ್ಟರೆ ಮಾತ್ರ ವಿನಾಯಿತಿ.

ಸಂಖ್ಯಾಶಾಸ್ತ್ರದ ಪೇಪರಿನ ದಿನ ಬೆಳಗ್ಗೆಯೇ ಅವಳಿಗೆ ಹೆರಿಗೆಯಾಯಿತು. ಮೂರನೆಯ ದಿನ ನಾನು ನೋಡಲು ಹೋದಾಗ ಮಂಚದ ಮೇಲೆ ಕೂತೇ ಅರ್ಜಿ ಬರೆದು, ಡಾಕ್ಟರ ಸರ್ಟಿಫಿಕೇಟು ಸೇರಿಸಿ, "ನೀನೇ ಆಫೀಸಿಗೆ ಕೊಟ್ಬುಡಕ್ಕ" ಎಂದಳು. ಮಾರನೆಯ ದಿನ ಕೊಟ್ಟೆ. ಗುಮಾಸ್ತ ಅದನ್ನು ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡ. ನಾನು ಸ್ವೀಕೃತಿ ಕೇಳಲಿಲ್ಲ. ಹತ್ತು ವರ್ಷ ಕೇಸ್ ಶೀಟು ಬರೆದವಳಿಗೆ ಅಷ್ಟು ಬುದ್ಧಿ ಇರಬೇಕಿತ್ತು.

ಮರುಪರೀಕ್ಷೆಗೆ ಅವಳು ಎಳೆಮಗುವಿನೊಂದಿಗೆ ಬಂದಳು. ಅವಳ ತಾಯಿ ಮಗುವನ್ನು ಎತ್ತಿಕೊಂಡು ಪರೀಕ್ಷಾ ಕೊಠಡಿಯ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಮಗು ಅತ್ತಾಗ ಮೇಲ್ವಿಚಾರಕರು ಆ ಹೆಂಗಸನ್ನು ಗೇಟಿನಾಚೆ ಕಳಿಸಿದರು. ಮೂರು ಗಂಟೆ ಮುಗಿಸಿ ಹೊರಬಂದವಳ ರವಿಕೆಯೆಲ್ಲ ಹಾಲಿನಿಂದ ಒದ್ದೆಯಾಗಿತ್ತು. ಪಾಸಿಗೆ ಐವತ್ತು ಬೇಕು, ಬಂದದ್ದು ನಲವತ್ತೆಂಟು. ವಾರದಲ್ಲಿ ಪತ್ರ ಬಂತು: ಎರಡು ಸಲ ಅನುತ್ತೀರ್ಣ, ಕೋರ್ಸಿನಿಂದ ಕೈಬಿಡಲಾಗಿದೆ.

ಇಬ್ಬರೂ ಪ್ರಾಂಶುಪಾಲರ ಕೋಣೆಗೆ ಹೋದೆವು. ಬಾಣಂತಿಯ ಆರೈಕೆಯ ಪಾಠ ನಮಗೆ ಮಾಡಿದ್ದೇ ಆಕೆ. ಅರ್ಜಿಯೇ ಬಂದಿಲ್ಲ, ರೂಲ್ಸ್ ಎಲ್ಲರಿಗೂ ಒಂದೇ ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟು, "ಓದೋ ಟೈಮಲ್ಲಿ ಇದನ್ನೆಲ್ಲ ಪ್ಲಾನ್ ಮಾಡ್ಕೋಬೇಕಮ್ಮ" ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. "ಟೈಮ್‌ಟೇಬಲ್ ನೋಡ್ಕೊಂಡು ಹೆರಿಗೆ ನೋವು ತರಿಸ್ಕೊಳ್ಳೋದನ್ನ ನೀವು ಹೇಳ್ಕೊಟ್ಟಿರಲಿಲ್ಲ ಮೇಡಂ" ಎಂದೆ. ಅವಳು ನನ್ನ ಸೆರಗು ಹಿಡಿದು ಹೊರಗೆಳೆದಳು.

ರಿಜಿಸ್ಟರ್ ತೋರಿಸಿ ಎಂದು ಆಫೀಸಿನಲ್ಲಿ ಕೇಳಿದೆ. ಅದು ಸ್ಟೋರಿನಲ್ಲಿದೆ, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರ ಗುಮಾಸ್ತನೇ ರಜೆ. ಮೂರನೆಯ ಸಲ ಅವನ ಮೇಜಿನೆದುರಿನ ಬೆಂಚಿನ ಮೇಲೆ ಕೂತುಬಿಟ್ಟೆ. ಪುಸ್ತಕ ನೋಡುವವರೆಗೂ ಏಳುವುದಿಲ್ಲ ಎಂದೆ. ಊಟದ ಬಿಡುವು ಕಳೆದು ಮೂರು ಗಂಟೆಗೆ ಪುಸ್ತಕ ಬಂತು. ಅವನದೇ ಕೈಬರಹದಲ್ಲಿ ಅವಳ ಹೆಸರು, ತಾರೀಖು, 'ಹೆರಿಗೆ ಕುರಿತು ಅರ್ಜಿ' ಎಂಬ ಸಾಲು, ಎಲ್ಲ ಇತ್ತು. ಹುಡುಕಿದರೆ ಅರ್ಜಿ ಬಸ್ ಪಾಸಿನ ಫೈಲಿನಲ್ಲಿ ಸಿಕ್ಕಿತು.

ಪ್ರಾಂಶುಪಾಲರು ಅದನ್ನು ಎರಡು ಸಲ ಓದಿ, "ಸರಿ, ಇನ್ನೊಂದು ಚಾನ್ಸ್ ಕೊಡೋಣ" ಎಂದರು. ಅವಳದನ್ನೇ ಅವಳಿಗೆ ಕೊಡುವುದಕ್ಕೆ ಅಷ್ಟು ಔದಾರ್ಯ! ತಪ್ಪಾಯಿತು ಎಂಬ ಮಾತು ಆ ಕಟ್ಟಡದಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಅವಳು ಮತ್ತೆ ಬರೆದಳು, ಅರವತ್ತರ ಮೇಲೆ ಬಂತು. ಆದರೆ ಅಷ್ಟರಲ್ಲಿ ನಮ್ಮ ಬ್ಯಾಚಿಗಿಂತ ಒಂದು ವರ್ಷ ಹಿಂದೆ ಬಿದ್ದಿದ್ದಳು. ನಾನು ಕೋರ್ಸ್ ಮುಗಿಸಿ ಸರ್ಟಿಫಿಕೇಟು ತರಲು ಹೋದ ದಿನವೇ ಅವಳ ಮೊದಲ ವರ್ಷದ ಫಲಿತಾಂಶ ಬಂದದ್ದು. ಪೇಡದ ಡಬ್ಬ ಹಿಡಿದು ಅವಳು ಮೊದಲು ಪ್ರಾಂಶುಪಾಲರಿಗೆ, ಆಮೇಲೆ ಆ ಗುಮಾಸ್ತನಿಗೆ ಕೊಟ್ಟಳು. ನಿಮ್ಮಿಂದಲೇ ಆಯಿತು ಎಂದು ಕೈಮುಗಿದಳು. ನನ್ನ ಮುಂದೆ ಡಬ್ಬ ಹಿಡಿದಾಗ ನಾನು ಮುಟ್ಟಲಿಲ್ಲ. ಯಾರಿಗೆ ಕೈಮುಗಿಯುತ್ತಿದ್ದೀಯ, ನಿನಗೆ ನಾಚಿಕೆ ಇಲ್ಲವೇ ಎಂದು ಕಾರಿಡಾರಿನಲ್ಲೇ ಬೈದೆ.

ಅವಳು ಡಬ್ಬದ ಮುಚ್ಚಳ ಹಾಕಿದಳು. "ನೀನು ಇವತ್ತು ಓಯ್ತೀಯ ಅಕ್ಕ. ನಾನು ಇನ್ನೂ ಇವರ ಕೈಕೆಳಗೇ ಇರ್ಬೇಕು" ಎಂದಳು.

ಬಸ್ ಸ್ಟ್ಯಾಂಡಿನವರೆಗೂ ಬಿರಬಿರನೆ ನಡೆದೇ ಹೋದೆ. ಅವಳ ಮೇಲಿನ ಸಿಟ್ಟು ದಾರಿಯಲ್ಲೇ ಇಳಿಯಿತು. ಮಿಕ್ಕದ್ದು ಇಳಿದಿಲ್ಲ.