ಯೀಸ್ಟ್ ಹಾಕದ ಗೋಧಿ ಬಿಯರು

...ಅಥವಾ ಅದು ಬಾಳೆಹಣ್ಣಿನ ವಾಸನೆಯೇ ಆಗಿರಲಿಲ್ಲವೇನೋ. ಹನ್ನೆರಡು ವರ್ಷಗಳ ಹಿಂದೆ ಬವೇರಿಯಾದ ಒಂದು ಸಣ್ಣ ಊರಿನಲ್ಲಿ, ಚೆಸ್ಟ್‌ನಟ್ ಮರಗಳ ಕೆಳಗಿನ ಉದ್ದನೆಯ ಬೆಂಚಿನ ಮೇಲೆ ನಾನೂ ನನ್ನ ಹೆಂಡತಿ ಸುಮಾಳೂ ಕೂತಿದ್ದೆವು. ಎದುರಿಗೆ ಹೂದಾನಿಯಷ್ಟು ಎತ್ತರದ ಗ್ಲಾಸಿನಲ್ಲಿ ಮಬ್ಬು ಹೊನ್ನಿನ ಬಣ್ಣದ ಗೋಧಿ ಬಿಯರು. ಮರದ ತುಂಬ ಬಿಳಿ ಹೂವು. ಸುಮಾ ಒಂದು ಗುಟುಕು ಕುಡಿದು, ಮೂಗಿನ ತುದಿಗೆ ನೊರೆ ಹತ್ತಿಸಿಕೊಂಡು, "ಅಯ್ಯೋ, ಇದು ಬಾಳೆಹಣ್ಣಿನ ರಸಾಯನ ಕಣ್ರೀ" ಎಂದು ನಕ್ಕಳು. ಈ ಚಿತ್ರವನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಹೋದ ವರ್ಷ ಏನೋ ಹುಡುಕುವಾಗ ಹಳೆಯ ಪಾಸ್‌ಪೋರ್ಟ್ ಸಿಕ್ಕಿತು. ಅದರಲ್ಲಿ ಜರ್ಮನಿಯ ಮೊಹರು, ತಿಂಗಳು ಅಕ್ಟೋಬರ್. ಅಕ್ಟೋಬರಿನಲ್ಲಿ ಆ ಮರಗಳು ಎಲೆ ಉದುರಿಸುತ್ತಿರುತ್ತವೆ. ಹೂವೇ ಸುಳ್ಳಾದ ಮೇಲೆ ನೊರೆಯ ಗತಿ ಏನು? ನಗುವಿನ ಗತಿ ಏನು?

ಸುಮಾಳನ್ನೇ ಕೇಳಿದೆ. "ನಾನು ಕುಡಿದೇ ಇಲ್ವಲ್ರೀ. ನಂಗೆ ಅವತ್ತು ನೆಗಡಿ. ಆಪಲ್ ಜ್ಯೂಸ್ ತಗೊಂಡಿದ್ದೆ. ರಸಾಯನ ಅಂದಿದ್ದು ನೀವೇ" ಎಂದಳು. ನೆಗಡಿ ನನಗೆ ನೆನಪಿಲ್ಲ. ನಗು ಅವಳಿಗೆ ನೆನಪಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಪಾಲಿಗೆ ಅತ್ಯಂತ ಹಗುರವಾದ ಮಧ್ಯಾಹ್ನ ಅದು. ಅದರಲ್ಲಿ ಅವಳು ಇದ್ದಳೋ ಇಲ್ಲವೋ ಎಂಬುದೇ ಈಗ ತಕರಾರಿಗೆ ಬಿತ್ತು.

ಬುದ್ಧಿವಂತರು ಇಂಥದ್ದನ್ನು ಅಲ್ಲಿಗೇ ಬಿಡುತ್ತಾರೆ. ನಾನು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಕೆಲಸ ಮಾಡುವವನು. ಅಲ್ಲಿ ಒಂದು ಅಳತೆಯ ಮೇಲೆ ಅನುಮಾನ ಬಂದರೆ ವಾದ ಮಾಡುವುದಿಲ್ಲ, ಇನ್ನೊಂದು ಸ್ಯಾಂಪಲ್ ತೆಗೆಯುತ್ತೇವೆ. ಆ ಬಿಯರನ್ನು ನಾನೇ ಮಾಡಿ ಸುಮಾಳ ಮೂಗಿನ ಕೆಳಗೆ ಹಿಡಿಯುವುದು, ರಸಾಯನ ಎಂಬ ಮಾತು ತಾನಾಗಿ ಅವಳ ಬಾಯಿಂದ ಬರುತ್ತದೋ ನೋಡುವುದು ಎಂದು ತೀರ್ಮಾನಿಸಿದೆ. ತೀರ್ಮಾನದಲ್ಲಿ ಒಂದೇ ಒಂದು ದೋಷ ಇತ್ತು. ನಾವಿರುವುದು ಕುವೈತಿನಲ್ಲಿ. ಇಲ್ಲಿ ಮದ್ಯ ಮಾಡುವುದು, ಮಾರುವುದು, ಕುಡಿಯುವುದು ಎಲ್ಲವೂ ಅಪರಾಧ.

"ಸಿಕ್ಕಿಬಿದ್ರೆ ನಿಮ್ಮ ಇಕಾಮಾ ಹೋಗುತ್ತೆ, ನನ್ನದೂ ಹೋಗುತ್ತೆ" ಎಂದಳು ಸುಮಾ. ಇಕಾಮಾ ಎಂದರೆ ಇಲ್ಲಿ ವಾಸಿಸುವ ಪರವಾನಗಿ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ; ಮಾತೂ ರಿಪೋರ್ಟಿನ ಹಾಗೆ. "ಅದಿತಿಗೆ ಇದು ಹನ್ನೆರಡನೇ ಕ್ಲಾಸು. ಪರೀಕ್ಷೆಗೆ ಮುಂಚೆ ಮೂರು ಜನಾನೂ ವಿಮಾನ ಹತ್ತಬೇಕಾ?"

ಮಗಳು ಫೋನಿನಿಂದ ತಲೆ ಎತ್ತದೆ, "ಅಪ್ಪಾ, ದಿಸ್ ಈಸ್ ಸೋ ಇಲ್ಲೀಗಲ್" ಎಂದಳು.

ಕೊನೆಗೆ ಒಪ್ಪಂದವಾಯಿತು. ಗೋಧಿ ಮೊಳಕೆ ಬರಿಸುವುದು, ಒಣಗಿಸುವುದು, ಬಿಸಿನೀರಿನಲ್ಲಿ ಸಿಹಿ ಇಳಿಸುವುದು, ಕುದಿಸುವುದು, ಇಷ್ಟಕ್ಕೆ ಅನುಮತಿ. ಸಿಹಿಯನ್ನು ಮದ್ಯ ಮಾಡುವ ಯೀಸ್ಟಿನ ಪೊಟ್ಟಣ ಮನೆಯೊಳಗೆ ಬರಕೂಡದು. ಸಿಹಿನೀರು ಹುದುಗುವ ಮೊದಲು, ಆದ ದಿನವೇ ಖರ್ಚಾಗಬೇಕು. ಆ ಬಾಳೆಹಣ್ಣಿನ ವಾಸನೆ ಬರುವುದೇ ಯೀಸ್ಟಿನಿಂದ ಎಂದು ಓದಿದ್ದೆ, ಸುಮಾಳಿಗೂ ಗೊತ್ತಿತ್ತು. ಆದರೂ ಒಪ್ಪಿದೆ. ಕೊನೆಯ ಮೆಟ್ಟಿಲು ಬಿಟ್ಟು ಉಳಿದ ಏಣಿಯನ್ನಾದರೂ ಹತ್ತಿ ನಿಂತಿರೋಣ, ಆ ಒಂದು ಮೆಟ್ಟಿಲನ್ನು ಯಾವುದೋ ರಜೆಯಲ್ಲಿ ಜರ್ಮನಿಗೇ ಹೋಗಿ ಹತ್ತಿದರಾಯಿತು ಎಂಬ ಹಟ.

ಗೋಧಿಯನ್ನೂ ಅದರ ಜೊತೆ ಸೇರಿಸಬೇಕಾದ ಬಾರ್ಲಿಯನ್ನೂ ತಂದುಕೊಟ್ಟವರು ಮಂಗಳೂರಿನ ಗೆಳೆಯ ವಿನ್ಸೆಂಟ್. ಸುಲೈಬಿಯಾದ ಧಾನ್ಯದ ಗೋದಾಮಿನಲ್ಲಿ ಅವರು ಮ್ಯಾನೇಜರು.

"ಎಂತ ಮಾರಾಯ್ರೆ, ಸಿಪ್ಪೆ ಸಮೇತ ಬಾರ್ಲಿ ಯಾಕೆ? ಫ್ಲ್ಯಾಟಲ್ಲಿ ದನ ಸಾಕ್ತೀರಾ?"

ಕಾರಣ ಹೇಳಿದೆ. ಅವರು, "ಯೀಸ್ಟ್ ಹಾಕುದಿಲ್ಲ ಅಲ್ಲ? ಹಾಕಿದ್ರೆ ಖಲಾಸ್. ನಾನು ನಿಮ್ಮನ್ನು ನೋಡಿಯೇ ಇಲ್ಲ" ಎಂದರು.

ಮೊಳಕೆ ಬರಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನನ್ನ ತಾಯಿ ರಾಗಿ ಮಾಲ್ಟ್ ಮಾಡುವುದನ್ನು ನೋಡಿಯೇ ಬೆಳೆದವನು. ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಎ.ಸಿ. ಇರುವ ಕೋಣೆಯಲ್ಲಿಟ್ಟೆ. ಮೂರನೆಯ ದಿನಕ್ಕೆ ಕಾಳಿನ ತುದಿಯಲ್ಲಿ ಬಿಳಿ ಬಾಲಗಳು. ಬಾಲ್ಕನಿಯ ಬಿಸಿಲಿಗೆ ಹರಡಿದರೆ ಸಂಜೆಯೊಳಗೆ ಗರಿಗರಿ. ಈ ಊರಿನ ಬಿಸಿಲಿಗೆ ನಾನು ಕೃತಜ್ಞನಾದದ್ದು ಅದೊಂದೇ ಸಲ. ಆಮೇಲೆ ಬಾಣಲೆ ಇಟ್ಟು, ಅಮ್ಮ ಮಾಡುತ್ತಿದ್ದ ಹಾಗೆ, ಘಮ್ಮೆನ್ನುವ ತನಕ ಹುರಿದೆ. ತರಿತರಿಯಾಗಿ ಬೀಸಿ ಬಿಸಿನೀರಿಗೆ ಹಾಕಿ, ಥರ್ಮಾಮೀಟರ್ ಹಿಡಿದು ಗಂಟೆಗಟ್ಟಲೆ ಕಾದೆ. ಪಾತ್ರೆಯಲ್ಲಿದ್ದದ್ದು ಗಂಜಿಯಾಗಿಯೇ ಉಳಿಯಿತು. ಸಿಹಿಯ ಸುಳಿವಿಲ್ಲ.

ಸುಮಾ ಬಂದು ಬಗ್ಗಿ ನೋಡಿದಳು. "ಹುರಿದ್ರಾ?"

"ಹುರೀದೆ ಇರ್ತಾರಾ?"

"ಪಿಷ್ಟಾನ ಸಕ್ಕರೆ ಮಾಡೋ ಎನ್‌ಜೈಮು ಮೊಳಕೇಲಿ ಇರೋದು. ನೀವು ಅದನ್ನ ಬಾಣಲೇಲಿ ಸುಟ್ಟು ಈಗ ಕೆಲಸ ಮಾಡು ಅಂತ ಕೂತಿದೀರಿ. ರಿಫೈನರಿ ಹೇಗೆ ನಡೀತಿದೆಯೋ."

ಜರ್ಮನಿಯಲ್ಲಿ ಬಿಯರು ಮಾಡಲು ಕಲಿಯುವ ಯಾವ ಹುಡುಗನೂ ಈ ತಪ್ಪು ಮಾಡಲಾರ. ಮೊಳಕೆ ಕಟ್ಟಿದ ಧಾನ್ಯವನ್ನು ಕಂಡರೆ ಬಾಣಲೆ ಹುಡುಕುವ ಕೈ ನಮ್ಮದು ಮಾತ್ರ. ಮೂರು ದಿನ ಮೂವರೂ ಅದನ್ನು ಮಜ್ಜಿಗೆ ಬೆರೆಸಿ, ಈರುಳ್ಳಿ ಕಚ್ಚಿಕೊಂಡು ಅಂಬಲಿಯಾಗಿ ಕುಡಿದೆವು.

ಎರಡನೆಯ ಸಲ ಹುರಿಯಲಿಲ್ಲ. ಒಂದು ಗಂಟೆಯಲ್ಲಿ ಗಂಜಿ ತೆಳುವಾಗಿ, ಚಮಚದ ತುದಿಯಲ್ಲಿ ಎಳೆ ಜೇನಿನಂಥ ಸಿಹಿ ಬಂತು. ನನ್ನ ಹಳೆಯ ಪಂಚೆಯಲ್ಲಿ ಸೋಸಿದೆ. ಕಹಿಗೆ ಅವರು ಹಾಕುವ ಹಾಪ್ಸ್ ಹೂವು ನನಗೆ ಇಲ್ಲಿ ಸಿಗಲಿಲ್ಲ. ಎಂಟು ಕಾಳು ಮೆಂತ್ಯ ಹಾಕಿ ಕುದಿಸಿದೆ. ಒಂದಾನೊಂದು ಕಾಲದಲ್ಲಿ ಬವೇರಿಯಾದಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಸೇರಿಸಬಾರದೆಂದು ಕಟ್ಟಳೆ ಇತ್ತಂತೆ. ಗೋಧಿ ಬ್ರೆಡ್ಡಿಗೆ ಬೇಕಾದ ಧಾನ್ಯ. ಅದರಲ್ಲಿ ಬಿಯರು ಮಾಡುವ ಹಕ್ಕು ಮುಂದೆ ಅರಮನೆಯವರದಾಯಿತು. ದೊರೆಗಳಿಗೆ ಕಟ್ಟಳೆ ಸ್ವಲ್ಪ ಸಡಿಲ ಎಂಬುದು ಎಲ್ಲ ದೇಶದ ಕಥೆ. ನನಗೆ ಮೋಜೆನಿಸಿದ್ದು ಬೇರೆ. ಆ ಕಟ್ಟಳೆಯಲ್ಲಿ ಯೀಸ್ಟಿನ ಹೆಸರೇ ಇಲ್ಲ. ಅದು ಏನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅನುಮತಿಯ ಪಟ್ಟಿಯಲ್ಲಿ ಇಲ್ಲದ, ಕಣ್ಣಿಗೂ ಕಾಣದ ಒಂದು ಜೀವ ಪಾತ್ರೆಗೆ ಇಳಿದು ಕೆಲಸ ಮುಗಿಸುತ್ತಿತ್ತು.

ನನ್ನ ಅಡಿಗೆಮನೆಯಲ್ಲಿಯೂ ಹಾಗೆಯೇ ಆಯಿತು. ಸಿಹಿನೀರನ್ನು ಆರಲೆಂದು ದೊಡ್ಡ ಡಬರಿಗೆ ಬಗ್ಗಿಸಿ ಮುಚ್ಚಳ ಹಾಕಿದ್ದೆ. ಅಷ್ಟರಲ್ಲಿ ರಿಫೈನರಿಯಿಂದ ಫೋನು: ಒಂದು ಘಟಕ ನಿಂತಿದೆ, ಯಲ್ಲಾ, ಬನ್ನಿ. ಎರಡು ದಿನ ಮನೆಗೆ ಬಂದದ್ದು ನಿದ್ದೆಗಷ್ಟೇ. ಡಬರಿಯಲ್ಲಿ ಮತ್ತೆ ಗೋಧಿ ನೆನೆಯುತ್ತಿದೆ ಎಂದುಕೊಂಡು ಸುಮಾ ತೆರೆಯಲಿಲ್ಲ. ಶುಕ್ರವಾರ ಮಧ್ಯಾಹ್ನ ಮುಚ್ಚಳ ತೆಗೆದರೆ ಒಳಗೆ ನೊರೆ. ಅದು ಅವಳು ಇಡ್ಲಿ ಹಿಟ್ಟು ಹುದುಗಿಸುವ ಡಬರಿ ಎಂಬುದು ಆಗ ಹೊಳೆಯಿತು. ಅಂಚಿನಲ್ಲಿ ಏನು ಉಳಿದಿತ್ತೋ, ಗಾಳಿಯಲ್ಲಿ ಏನು ಬಂತೋ. ಮತ್ತು ವಾಸನೆ, ನನ್ನ ಆಣೆಗೂ ಬಾಳೆಹಣ್ಣು.

ಸುಮಾ ಬಾಗಿಲಲ್ಲಿ ನಿಂತಿದ್ದಳು. ನೊರೆ ನೋಡಿದಳು.

"ಸುರೀರಿ."

"ಒಂದೇ ಚಮಚ, ಸುಮಾ. ನಿನಗೆ ಗೊತ್ತಾಗುತ್ತೆ."

"ಆ ಒಂದು ಚಮಚಕ್ಕೆ ಅದಿತಿ ಪರೀಕ್ಷೇನ ಬಲಿ ಕೊಡ್ತೀರಾ? ಸುರೀರಿ."

ಚಮಚ ಕೈಯಲ್ಲೇ ಇತ್ತು. ಹನ್ನೆರಡು ವರ್ಷದ ಅನುಮಾನ ಒಂದು ನಾಲಿಗೆಯಷ್ಟು ದೂರದಲ್ಲಿತ್ತು. ಅಷ್ಟು ಹಟದವನು ನಾನು ಚಮಚವನ್ನು ಕೆಳಗಿಟ್ಟೆ. ಡಬರಿಯನ್ನು ಸಿಂಕಿಗೆ ಬಗ್ಗಿಸಿ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಅವಳು ಪಕ್ಕದಲ್ಲಿ ನಿಂತು ಕೊನೆಯ ನೊರೆ ಇಳಿಯುವವರೆಗೆ ನೋಡಿದಳು. ಆಮೇಲೆ ಮೂಗನ್ನು ಸ್ವಲ್ಪ ಮೇಲೆತ್ತಿ, ಏನನ್ನೋ ಹಿಡಿಯುವವಳ ಹಾಗೆ ಉಸಿರೆಳೆದು, "ರಸಾಯನ ಮಾಡಿಬಿಡ್ಲಾ?" ಎಂದಳು. ಎಂದು ನಕ್ಕಳು.

ನಾನು ತಿರುಗಿದೆ. ಸಿಂಕಿನ ಪಕ್ಕದ ಬುಟ್ಟಿಯಲ್ಲಿ, ಹೋದ ವಾರದ ಪೂಜೆಗೆಂದು ತಂದು ಮಿಕ್ಕಿದ್ದ ಏಲಕ್ಕಿ ಬಾಳೆ ಕಪ್ಪು ಚುಕ್ಕೆ ಬಿದ್ದು ಕಳಿತು ಕೂತಿತ್ತು.

ರಸಾಯನ ತಿಂದೆವು, ಚೆನ್ನಾಗಿತ್ತು. ಇವತ್ತು ಮತ್ತೆ ಗೋಧಿ ನೆನೆಹಾಕಿದ್ದೇನೆ. ಈ ಸಲ ಸಿಹಿನೀರು ನೇರ ಫ್ರಿಜ್ಜಿಗೆ, ಡಬರಿಯ ಹತ್ತಿರವೂ ಹೋಗುವುದಿಲ್ಲ. ಆ ವಾಸನೆ ಪಾತ್ರೆಯಿಂದ ಬಂತೋ ಬುಟ್ಟಿಯಿಂದಲೋ ನನಗೆ ಗೊತ್ತಿಲ್ಲ. ಅವಳು ಯಾವುದನ್ನು ಮೂಸಿ ಆ ಮಾತು ಆಡಿದಳೋ ಗೊತ್ತಿಲ್ಲ, ಕೇಳಿಲ್ಲ. ಬವೇರಿಯಾದಲ್ಲಿ ಅವಳು ಕುಡಿದಳೋ ಇಲ್ಲವೋ, ಅದೂ ಗೊತ್ತಿಲ್ಲ.